ಇದು ಯಾವ ಸಂಪುಟದಲ್ಲಿದೆ?

(ಬೈಲಹೊಂಗಲದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯ ಉಪನ್ಯಾಸದ ಬರಹರೂಪ)

 

ಇಂದಿನ ಸಾಹಿತ್ಯ, ಸಂಗೀತ, ವಿಜ್ಞಾನ, ಅಂತರ್ಜಾಲ ಇವುಗಳ ನಡುವೆ ಶರಣರ ಮಾತು ಹೇಗಿದೆ ಎಂಬುದರ ಬಗ್ಗೆ ಮಾತನಾಡಿರಿ ಎಂದು ಗೋಷ್ಠಿಯವರು ಹೇಳಿದರು. ವಿಷಯ ಬಹಳ ದೊಡ್ಡದು, ನಾನು ಚಿಕ್ಕವನು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಒಬ್ಬ ಮಾಸ್ತರ. ನನಗೆ ಗೊತ್ತಿರುವಷ್ಟನ್ನು, ನನ್ನ ಮೇಲೆ ನಡೆದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲೇ ಒಂದು ಮಾತು. ಶಿವಾನುಭವ ಗೋಷ್ಠಿ ಎಂದರೆ ಮಾತಿಗೊಂದು ವಚನ ಬರಬೇಕು, ಅದು ನಮ್ಮ ರೂಢಿ. ಆದರೆ ಇವತ್ತು ನಾನು ಒಂದು ವಚನವನ್ನೂ ಹೇಳುವುದಿಲ್ಲ. ಹಾಗೆಂದು ನೇಮ ಮಾಡಿಕೊಂಡೇ ಬಂದಿದ್ದೇನೆ. ಯಾಕೆ ಎನ್ನುವುದು ಮಾತು ಮುಗಿಯುವುದರೊಳಗೆ ನಿಮಗೇ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಮುರಗೋಡದ ಹತ್ತಿರದ ಒಂದು ಹಳ್ಳಿಯಲ್ಲಿ ಬಸವ ಜಯಂತಿಗೆ ನನ್ನನ್ನು ಕರೆದಿದ್ದರು. ಹೋಗುವಾಗ ಬಸ್ಸಿನಲ್ಲಿ ವಾಟ್ಸಾಪ್ ತೆಗೆದೆ. ಯಾರೋ ಒಂದು ವಚನ ಕಳಿಸಿದ್ದರು. ಹಿಂದೆ ಬಸವಣ್ಣನವರ ಚಿತ್ರ, ಸುತ್ತಲೂ ಹೂವಿನ ಬಳ್ಳಿ, ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತ. ಚೆಂದ ಇತ್ತು. ಹೊಸದು ಸಿಕ್ಕಿತಲ್ಲ ಎಂದು ಖುಷಿಯಾಯಿತು. ವೇದಿಕೆಯ ಮೇಲೆ ದನಿ ಏರಿಸಿ ಹೇಳಿದೆ. ಚಪ್ಪಾಳೆ ಬಿತ್ತು.

ಪ್ರಸಾದಕ್ಕೆ ಕುಳಿತಾಗ ಒಬ್ಬ ಅಜ್ಜಿ ಬಂದು ನನ್ನ ಮಗ್ಗುಲಲ್ಲಿ ಕುಳಿತರು. ಎಂಬತ್ತರ ಹತ್ತಿರದ ವಯಸ್ಸು. ಊರಿನ ಭಜನೆಯಲ್ಲಿ ಚಿಕ್ಕಂದಿನಿಂದ ವಚನ ಹಾಡಿದವರು ಎಂದು ಆಮೇಲೆ ಗೊತ್ತಾಯಿತು.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳತೇನಿ. ನೀವು ಹೇಳಿದ ವಚನದಾಗ 'ಸಕಾರಾತ್ಮಕ' ಅಂತ ಬಂತು. ಹಂಗಂದ್ರ ಏನ್ರಿ?"

"ಒಳ್ಳೇ ವಿಚಾರ ಮಾಡೂದು ಅಂತ, ಆಯಿ."

"ಹಂಗಾದ್ರ ಬಸವಣ್ಣಾರು ಒಳ್ಳೇ ವಿಚಾರ ಅಂತನ ಅಂತಿದ್ರಲ್ಲ? ನಾ ಸಾಲಿ ಕಲತಾಕಿ ಅಲ್ರಿ. ಆದ್ರ ಅಪ್ಪ ಬಸವಣ್ಣ ನನಗ ತಿಳೀಧಂಗ ಎಂದೂ ಮಾತಾಡಿಲ್ಲ ನೋಡ್ರಿ."

ಬಾಯಲ್ಲಿದ್ದ ಹುಗ್ಗಿ ಗಂಟಲಿಗೆ ಇಳಿಯಲಿಲ್ಲ. ಅಷ್ಟು ವರ್ಷ ಕನ್ನಡ ಕಲಿಸಿದವನಿಗೆ ಹೊಳೆಯದ್ದು ಅಕ್ಷರ ಬಾರದ ಆ ತಾಯಿಗೆ ಒಂದು ಸಲ ಕೇಳಿದ ಕೂಡಲೇ ಹೊಳೆದಿತ್ತು.

ಮನೆಗೆ ಬಂದು ಪಿಯುಸಿ ಓದುತ್ತಿದ್ದ ಮೊಮ್ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ 'ವಚನ ಸಂಚಯ' ತೆಗೆದಳು. ಅಲ್ಲಿಯವರೆಗೆ ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಅಂತರ್ಜಾಲದಲ್ಲಿ ಇಟ್ಟು, ಯಾವ ಪದ ಯಾರ ಯಾವ ವಚನದಲ್ಲಿ ಬಂದಿದೆ ಎಂದು ಹುಡುಕಲು ಬರುವಂತೆ ಮಾಡಿದ ಕೆಲಸ ಅದು. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳು, ಓಂಶಿವಪ್ರಕಾಶ್ ಅವರಂಥ ಕಂಪ್ಯೂಟರ್ ಬಲ್ಲ ತರುಣರು ಕೂಡಿ ಮಾಡಿದ್ದು. ಮೊಮ್ಮಗಳು 'ಕಾಯಕ' ಎಂದು ಹೊಡೆದಳು. ಸಾಲು ಸಾಲು ವಚನ ಬಂದವು. 'ಸಕಾರಾತ್ಮಕ' ಎಂದು ಹೊಡೆದಳು. ಒಂದೂ ಬರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ: ಇದು ಯಾವ ಸಂಪುಟದಲ್ಲಿದೆ?

ಶರಣ ಬಂಧುಗಳೇ, ಸಂಪುಟ ಎಂಬ ಮಾತು ಬಂತು. ಆ ಸಂಪುಟ ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಸ್ವಲ್ಪ ನೆನೆಯಬೇಕು.

ಕಲ್ಯಾಣದಲ್ಲಿ ಕೋಲಾಹಲವಾದ ಮೇಲೆ ಶರಣರು ಉಳವಿಯ ಕಡೆಗೆ ನಡೆದ ದಾರಿ ನಮ್ಮ ಸೀಮೆಯೊಳಗೇ ಹಾಯ್ದಿದೆ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಾರಿಮನಿ, ಮುರಗೋಡ, ಕಾದರವಳ್ಳಿ, ಕಕ್ಕೇರಿ, ಈ ಊರುಗಳ ಹೆಸರಿನ ಜೊತೆ ಶರಣರ ಹೆಸರು ಅಂಟಿಕೊಂಡಿದೆ. ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಗಂಗಾಂಬಿಕೆಯ ಐಕ್ಯಮಂಟಪವಿದೆ. ಹೊಳೆಗೆ ನೀರು ಬಂದಾಗ ದಂಡೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು, ಆ ತಾಯಂದಿರು ಯಾವ ಹೊತ್ತಿನಲ್ಲಿ ಯಾವ ನೀರು ದಾಟಿದರು ಎಂದು ಕರುಳು ಚುರ್ ಎನ್ನುತ್ತದೆ. ಹೆಗಲ ಮೇಲೆ ವಚನದ ಕಟ್ಟು ಹೊತ್ತು ಬಂದರು ಎನ್ನುವುದು ನಮ್ಮ ಜನ ಬಾಯಿಂದ ಬಾಯಿಗೆ ಕಾಯ್ದುಕೊಂಡು ಬಂದ ನೆನಪು.

ಆ ಕಟ್ಟುಗಳು ಎಷ್ಟೋ ಶತಮಾನ ಮಠಗಳಲ್ಲಿ, ಮನೆಗಳ ಜಗಲಿಯಲ್ಲಿ ಉಳಿದವು. ನಾವು ಅವನ್ನು ಓದಲಿಲ್ಲ, ಪೂಜೆ ಮಾಡಿದೆವು. ವಿಭೂತಿ ಹಚ್ಚಿದೆವು, ಹೂವು ಏರಿಸಿದೆವು. ಓಲೆಗರಿ ಒಳಗೊಳಗೇ ಹುಳ ಹಿಡಿದು ಪುಡಿಯಾಯಿತು.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಆ ಪೂಜೆಯ ಕಟ್ಟುಗಳನ್ನು ಬಿಚ್ಚಿದರು. ಕಕ್ಷಿದಾರರಿಗಿಂತ ಓಲೆಗರಿಗಳ ಬೆನ್ನು ಹತ್ತಿ ಅಡ್ಡಾಡಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾಗಿ ಹೊರಬಂತು, ಅದೂ ನಮ್ಮ ಬೆಳಗಾವಿಯ ಮುದ್ರಣಾಲಯದಲ್ಲಿ. ಆಮೇಲೆ ತಮ್ಮದೇ ಮುದ್ರಣಾಲಯ ಇರಬೇಕೆಂದು ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಐವತ್ತರಷ್ಟು ವಚನಕಾರರ ಹೆಸರು ಗೊತ್ತಿದ್ದ ಕಾಲದಲ್ಲಿ ಇನ್ನೂರೈವತ್ತರಷ್ಟು ವಚನಕಾರರನ್ನು ಬೆಳಕಿಗೆ ತಂದರು. ತಾವು ಬಾಡಿಗೆ ಮನೆಯಲ್ಲಿ ಉಳಿದರು. ನಾವು ಇಂದು ಗೋಷ್ಠಿಗೆ 'ಶಿವಾನುಭವ' ಎನ್ನುವಾಗ ಆ ಹರಿದ ಕೋಟಿನ ಮನುಷ್ಯ ಕಣ್ಣ ಮುಂದೆ ಬರಬೇಕು.

ಅವರ ಹಿಂದೆ ಉತ್ತಂಗಿ ಚೆನ್ನಪ್ಪನವರು, ಶಿ.ಶಿ. ಬಸವನಾಳರು, ಇನ್ನೂ ಅನೇಕರು ದುಡಿದರು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 'ಸಮಗ್ರ ವಚನ ಸಂಪುಟ'ವನ್ನು 15 ಸಂಪುಟಗಳಲ್ಲಿ ತಂದಿತು. ಒಂದು ಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ, ಇದರಲ್ಲಿ ಒಂದು ಸಾಲು ಹೆಚ್ಚು, ಅದರಲ್ಲಿ ಒಂದು ಪದ ಕಡಿಮೆ ಎಂದು ಕೂಡಿಸಿ, ತೂಗಿ, ಪಾಠಾಂತರಗಳನ್ನು ನೋಡಿ ಮಾಡಿದ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆಧಾರ ಕೇಳಬೇಕು ಎಂದು ಜೀವನವಿಡೀ ಹೇಳಿದ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡು ಹೊಡೆದು ಕೊಂದರು. ಒಬ್ಬರು ಮನೆ ಕಳೆದುಕೊಂಡರು, ಒಬ್ಬರು ಜೀವವನ್ನೇ ಕಳೆದುಕೊಂಡರು. ಇಂಥವರು ಕೂಡಿಸಿಟ್ಟ ಪಠ್ಯ ನಮ್ಮ ಕಪಾಟಿನಲ್ಲಿರುವಾಗ ನಾನು ಬಸ್ಸಿನಲ್ಲಿ ಬಂದ ಮೆಸೇಜು ಓದಿ ಚಪ್ಪಾಳೆ ತೆಗೆದುಕೊಂಡೆನಲ್ಲ! ಆ ನಾಚಿಕೆಯಿಂದಲೇ ಈ ಮಾತು ಹುಟ್ಟಿದೆ.

ಈಗ ಸ್ವಲ್ಪ ವಿಜ್ಞಾನ. ಹೆದರಬೇಡಿರಿ, ಮಾಸ್ತರರ ವಿಜ್ಞಾನ ಇದು.

ನಮ್ಮೂರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರ ಮಾಡಿಸಿದವರು ಒಂದು ಸಂಗತಿ ಕಂಡಿರುತ್ತೀರಿ. ಅಲ್ಲಿ ಕನ್ನಡದಲ್ಲಿ ಚೆಂದ ಕಾಣುತ್ತಿದ್ದದ್ದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಕಂಪ್ಯೂಟರಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ ಎಲ್ಲ ಕಲಸಿದಂತೆ ಕಾಣುತ್ತಿತ್ತು. ಯಾಕೆಂದರೆ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಕೂತಿದ್ದದ್ದು ಇಂಗ್ಲಿಷ್ ಅಕ್ಷರವೇ. ಅದಕ್ಕೆ ಕನ್ನಡದ ಅಂಗಿ ತೊಡಿಸಿದ್ದರು, ಅಷ್ಟೇ. ಆ ಅಂಗಿಗೆ ಫಾಂಟ್ ಎನ್ನುತ್ತಾರೆ. ಅಂಗಿ ಇಲ್ಲದ ಕಡೆ ಬಣ್ಣ ಬಯಲಾಗುತ್ತಿತ್ತು.

ಯೂನಿಕೋಡ್ ಬಂದ ಮೇಲೆ ಹಾಗಿಲ್ಲ. ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ನಂಬರು ಕೊಟ್ಟ ಪದ್ಧತಿ ಅದು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಸಿಕ್ಕಿತು. 'ಕ' ಅಕ್ಷರದ ನಂಬರು 3221. ರಾಮದುರ್ಗದಲ್ಲಿ ಒತ್ತಿದರೂ ಅದೇ, ಅಮೆರಿಕದಲ್ಲಿ ಒತ್ತಿದರೂ ಅದೇ. ಅಕ್ಷರಕ್ಕೆ ಗಟ್ಟಿ ವಿಳಾಸ ಸಿಕ್ಕಿದ್ದರಿಂದ ಹುಡುಕಲು ಬಂತು. ಹಳೆಯ ಅಂಗಿಯಲ್ಲಿದ್ದ ವಚನಗಳನ್ನು ಈ ಹೊಸ ಓಣಿಗೆ ತಂದು ಕೂಡಿಸಿದ್ದರಿಂದಲೇ ನನ್ನ ಮೊಮ್ಮಗಳಿಗೆ ಒಂದು ನಿಮಿಷದಲ್ಲಿ ಉತ್ತರ ಸಿಕ್ಕಿತು. ಹಳಕಟ್ಟಿಯವರು ಊರೂರು ಅಲೆದು ಮಾಡಿದ ಕೆಲಸದ ಫಲ ಒಂದು ಬೆರಳಿಗೆ ಬಂದು ಕುಳಿತಿದೆ.

ಆದರೆ ಯಂತ್ರ ಹೇಳಿದ್ದೇ ಕೊನೆಯ ಮಾತಲ್ಲ. ಒಂದು ಓಣಿಯಿಂದ ಇನ್ನೊಂದಕ್ಕೆ ಸಾಗಿಸುವಾಗ ಅಕ್ಷರ ತಪ್ಪಿರಬಹುದು. ಸಂಧಿಯಾದ ಪದ ಬಿಡಿಸಿ ಹುಡುಕಿದರೆ ಸಿಗದಿರಬಹುದು. ಹುಡುಕಿದಾಗ ಸಿಗಲಿಲ್ಲ ಎಂದರೆ ಕೂಡಲೇ ಸುಳ್ಳು ಎನ್ನಬೇಡಿರಿ, ಸಂಪುಟ ತೆಗೆದು ನೋಡಿರಿ. ಸಂಪುಟದಲ್ಲಿ ಸಿಗುವ ತನಕ ವೇದಿಕೆಯ ಮೇಲೆ ಹೇಳಬೇಡಿರಿ.

ಇನ್ನು ಸಂಗೀತ. ಇದನ್ನು ಮಾತನಾಡುವಾಗ ನನಗೆ ಹುರುಪು ಹೆಚ್ಚು.

ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರನ್ನು ಇಲ್ಲಿ ಹಿರಿಯರು ಅನೇಕರು ರಂಗದ ಮೇಲೆ ನೋಡಿದ್ದೀರಿ. 1914ರಲ್ಲಿ ಹುಟ್ಟಿ 2017ರವರೆಗೆ, ನೂರು ದಾಟಿ ಬಾಳಿದ ಜೀವ. 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಅವರು ಬಸವಣ್ಣನಾಗಿ ಬಂದು ನಿಂತರೆ ಜನ ನಾಟಕವೆಂಬುದನ್ನು ಮರೆತು ಕೈ ಮುಗಿಯುತ್ತಿದ್ದರು. ಎಷ್ಟೋ ಹಳ್ಳಿಗಳ ಮಂದಿ ಬಸವಣ್ಣನನ್ನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ, ಕಂಪನಿ ನಾಟಕದ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ. ಮಲ್ಲಿಕಾರ್ಜುನ ಮನಸೂರರು ಹಿಂದುಸ್ತಾನಿ ರಾಗಗಳಲ್ಲಿ ವಚನ ಹಾಡಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಹಾಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳ ಕಂಠಕ್ಕೆ ವಚನ ಕೊಟ್ಟರು. ನಮ್ಮ ಕಿತ್ತೂರಿನ ಕಥೆಯ ಮೇಲೆ 1961ರಲ್ಲಿ ಬಿ.ಆರ್. ಪಂತುಲು 'ಕಿತ್ತೂರು ಚೆನ್ನಮ್ಮ' ಸಿನಿಮಾ ತೆಗೆದಾಗ ಅದರಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಪಿ. ಸುಶೀಲಾ ಹಾಡಿದರು. ಇಂದಿಗೂ ಅದು ಯೂಟ್ಯೂಬಿನಲ್ಲಿ ನಮ್ಮ ಮನೆಗಳಲ್ಲಿ ಬೆಳಗಾದರೆ ಕೇಳುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಈಗಿನ ಹುಡುಗರು ಗಿಟಾರ್ ಹಿಡಿದು ವಚನ ಹಾಡಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ನಾನು ಕೇಳುತ್ತೇನೆ, ಹಾರ್ಮೋನಿಯಂ ಎಲ್ಲಿಯದು? ಯುರೋಪಿನಿಂದ ಬಂದದ್ದು. ಸಿನಿಮಾದ ರಾಗ ಕಲ್ಯಾಣದಲ್ಲಿತ್ತೇ? ಪ್ರತಿ ಕಾಲವೂ ತನ್ನ ವಾದ್ಯದಲ್ಲಿ ವಚನವನ್ನು ಹಾಡಿಕೊಂಡಿದೆ. ಹಾಡಲಿ ಬಿಡಿರಿ. ನನ್ನ ತಕರಾರು ವಾದ್ಯದ ಮೇಲಲ್ಲ, ಮಾತಿನ ಮೇಲೆ. ರೀಲ್ಸಿಗೆ ಅರ್ಧ ನಿಮಿಷ ಸಾಕೆಂದು ವಚನದ ನಡುವಿನ ಎರಡು ಸಾಲು ಕತ್ತರಿಸುತ್ತಾರೆ. ಪ್ರಾಸಕ್ಕೆ ಬರಲಿಲ್ಲವೆಂದು ಪದ ಬದಲಿಸುತ್ತಾರೆ. ಕೊನೆಗೆ ಅಂಕಿತವನ್ನೇ ಬಿಡುತ್ತಾರೆ. ಹೊಸ ದನಿ ಬರಲಿ, ಆದರೆ ಹಾಡುವವರು ಮೊದಲು ಸಂಪುಟ ನೋಡಲಿ. ಹಾಡಿನ ಕೆಳಗೆ ಯಾರ ವಚನ, ಯಾವ ಸಂಪುಟ, ಎಷ್ಟನೆಯದು ಎಂದು ಒಂದು ಸಾಲು ಬರೆಯಲಿ. ಅದಕ್ಕೆ ಖರ್ಚೇನೂ ಇಲ್ಲ.

ಅಂಕಿತದ ಮಾತು ಬಂತು. ಶರಣರು ಒಬ್ಬೊಬ್ಬರು ಒಂದೊಂದು ಅಂಕಿತ ಇಟ್ಟುಕೊಂಡರು. ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನಿಗೆ ರಾಮನಾಥ, ಮಾಚಿದೇವನಿಗೆ ಕಲಿದೇವ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅಕ್ಕಿ ಆಯುವ ಕಾಯಕದ ಲಕ್ಕಮ್ಮ ತನ್ನ ಗಂಡ ಮಾರಯ್ಯನ ಹೆಸರನ್ನು ಅಂಕಿತದಲ್ಲಿ ಕೂಡಿಸಿಕೊಂಡಳು. ಅಂಕಿತ ಎಂದರೆ ಬರೀ ಅಲಂಕಾರವಲ್ಲ, ಅದು ಸಹಿ. ಈ ಮಾತಿಗೆ ನಾನು ಜವಾಬ್ದಾರ ಎಂದು ದೇವರ ಸಾಕ್ಷಿಯಾಗಿ ಹಾಕಿದ ಸಹಿ. ಅಂಕಿತ ಬದಲಿಸಿದ ವಿವಾದವೊಂದು ಸುಪ್ರೀಂ ಕೋರ್ಟಿನ ತನಕ ಹೋದದ್ದು ನಿಮಗೆಲ್ಲ ನೆನಪಿದೆ. ಅಷ್ಟು ದೂರ ಹೋಗಬೇಕಾಗಿಲ್ಲ. ದಿನವೂ ನಮ್ಮ ಮೊಬೈಲಿನಲ್ಲಿ ಯಾರೋ ಬರೆದದ್ದಕ್ಕೆ ಬಸವಣ್ಣನ ಸಹಿ ಬೀಳುತ್ತಿದೆ. ಬ್ಯಾಂಕಿನ ಚೆಕ್ಕಿಗೆ ಇನ್ನೊಬ್ಬರ ಸಹಿ ಹಾಕಿದರೆ ಪೊಲೀಸರು ಬರುತ್ತಾರೆ. ಇಲ್ಲಿ ನಾವು ಕೈ ಮುಗಿದು ಮುಂದಕ್ಕೆ ಕಳಿಸುತ್ತೇವೆ.

ಹೊಸದಾಗಿ ಬರೆಯಬಾರದು ಎಂದಲ್ಲ. ಬರೆಯಬೇಕು. ಎಸ್.ವಿ. ರಂಗಣ್ಣನವರು 'ರಂಗಬಿನ್ನಪ' ಎಂದು ತಮ್ಮ ಕಾಲದ ವಚನ ಬರೆದರು, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಸಿದ್ಧಯ್ಯ ಪುರಾಣಿಕರು 'ಸ್ವತಂತ್ರಧೀರ ಸಿದ್ಧೇಶ್ವರ' ಎಂಬ ತಮ್ಮದೇ ಅಂಕಿತದಲ್ಲಿ ಬರೆದರು. ಅವರು ಬಸವಣ್ಣನ ಸಹಿ ಕದಿಯಲಿಲ್ಲ, ತಮ್ಮ ಸಹಿ ತಾವು ಹಾಕಿದರು. ಇಂದು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಅಡುಗೆ, ಹೊಲದ ಕೆಲಸ ಮುಗಿಸಿ ರಾತ್ರಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದಾರೆ. ಅದರಲ್ಲಿ ಕೆಲವು ಚೆಂದ ಇವೆ. ಅವರಿಗೆ ನಾನು ಹೇಳುವುದು ಇಷ್ಟೇ. ತಂಗಿ, ನಿನ್ನ ಮಾತಿಗೆ ನಿನ್ನ ಹೆಸರು ಹಾಕು. ಲಕ್ಕಮ್ಮ ಅಂಜಲಿಲ್ಲ, ನೀನ್ಯಾಕೆ ಅಂಜುತ್ತಿ?

ಮೊನ್ನೆ ಒಂದು ಶಾಲೆಗೆ ಹೋಗಿದ್ದೆ. ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಸರ್, ಇದು ರಾಣಿ ಚೆನ್ನಮ್ಮನ ಖರೆ ಫೋಟೋ ಅಂತ್ರಿ" ಎಂದ. ಮಗ್ಗುಲಲ್ಲಿದ್ದ ಏಳನೇ ಇಯತ್ತೆಯ ಒಬ್ಬ ಹುಡುಗಿ, "ಸರ್, ಫೋಟೋ ತೆಗೆಯೋ ಯಂತ್ರ ಯಾವಾಗ ಬಂತ್ರಿ?" ಎಂದು ಕೇಳಿದಳು. ನನಗೆ ಆ ಮುರಗೋಡದ ಆಯಿ ನೆನಪಾದರು. ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಚೆನ್ನಮ್ಮ ತಾಯಿ ಇದೇ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಛಾಯಾಚಿತ್ರದ ವಿಧಾನವನ್ನು ಪ್ಯಾರಿಸಿನಲ್ಲಿ ಜಗತ್ತಿಗೆ ಸಾರಿದ್ದು 1839ರಲ್ಲಿ. ಹತ್ತು ವರ್ಷದ ಅಂತರ! ಕಳೆಯುವ ಲೆಕ್ಕ ಬಂದರೆ ಸಾಕು, ಆ ಫೋಟೋ ಸುಳ್ಳು ಎಂದು ಗೊತ್ತಾಗುತ್ತದೆ. ಇಲ್ಲಿಂದ ಕೂಗಳತೆಯಲ್ಲಿ ತಾಯಿಯ ಸಮಾಧಿ ಇದೆ. ಸುಳ್ಳು ಫೋಟೋಕ್ಕೆ ಹೂವು ಹಾಕಿದರೆ ತಾಯಿಗೆ ಗೌರವ ಆಗುವುದಿಲ್ಲ.

ಹಾಗೆಯೇ, ಅಣುಬಾಂಬು, ವಿಮಾನ, ಕಂಪ್ಯೂಟರು ಎಲ್ಲ ವಚನದಲ್ಲಿ ಮೊದಲೇ ಇವೆ ಎಂಬ ಸಂದೇಶಗಳು ಬರುತ್ತವೆ. ಕಳಿಸುವವರ ಭಕ್ತಿ ದೊಡ್ಡದು, ಆದರೆ ಅದು ಶರಣರನ್ನು ಸಣ್ಣವರನ್ನಾಗಿ ಮಾಡುತ್ತದೆ. ಅವರು ಮನುಷ್ಯನನ್ನು ಮನುಷ್ಯ ಮುಟ್ಟಬಹುದು ಎಂದರು, ಹೆಣ್ಣಿಗೆ ಇಷ್ಟಲಿಂಗ ಕೊಟ್ಟರು, ದುಡಿಮೆಯನ್ನು ಪೂಜೆಗೆ ಸಮ ಎಂದರು. ಅದಕ್ಕೆ ಕಲ್ಯಾಣದಲ್ಲಿ ತಲೆ ಕೊಟ್ಟರು. ಅಷ್ಟು ದೊಡ್ಡವರಿಗೆ ನಮ್ಮ ವಿಮಾನದ ಸರ್ಟಿಫಿಕೇಟು ಬೇಕೇ? ಕಣ್ಣಾರೆ ಕಾಣದೆ, ಬಾಳಿ ನೋಡದೆ, ಹೇಳಿದ್ದನ್ನೇ ನಂಬಬೇಡ ಎಂಬ ಅವರ ರೀತಿಯೇ ವಿಜ್ಞಾನಕ್ಕೆ ಹತ್ತಿರದ್ದು.

ಇನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದ ಮಾತು. ಹೇಳುತ್ತೇನೆ.

ನನ್ನ ಅಕ್ಕನನ್ನು ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಹತ್ತು ವರ್ಷದಿಂದ ಶುಗರ್. ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದಳು. ಒಂದು ಸಲ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಶರಣರು ಹೇಳಿದ ಮದ್ದು, ಇಂಥ ಸೊಪ್ಪಿನ ಕಷಾಯ ನಲವತ್ತು ದಿನ ಕುಡಿಯಿರಿ, ಗುಳಿಗೆ ಬಿಡಿರಿ, ಶುಗರ್ ಬೇರುಸಹಿತ ಹೋಗುತ್ತದೆ. ಕೆಳಗೆ ಬಸವಣ್ಣನವರ ಹೆಸರು. ಅಕ್ಕ ಗುಳಿಗೆ ಬಿಟ್ಟಳು. ಯಾರಿಗೂ ಹೇಳಲಿಲ್ಲ.

ಶುಗರ್ ಏರಿದರೆ ಕಾಲಿನ ನರ ಮಂದವಾಗುತ್ತವೆ. ಚುಚ್ಚಿದ್ದು ಗೊತ್ತಾಗುವುದಿಲ್ಲ, ಆದ ಗಾಯ ಬೇಗ ಮಾಯುವುದಿಲ್ಲ. ಹೊಲದಲ್ಲಿ ಬೆರಳಿಗೆ ಮುಳ್ಳು ಹೊಕ್ಕಿತ್ತು. ಅವಳಿಗೆ ತಿಳಿದಾಗ ಬೆರಳು ಕಪ್ಪಾಗಿತ್ತು. ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಬಲಗಾಲಿನ ಹೆಬ್ಬೆರಳು ಹೋಯಿತು.

ನಾನು ಹಾಸಿಗೆಯ ಮಗ್ಗುಲಲ್ಲಿ ಕುಳಿತು ಸಿಟ್ಟಿನಿಂದ ಕೇಳಿದೆ, "ಯಕ್ಕಾ, ಯಾವ ಮೂರ್ಖ ಕಳಿಸಿದ್ದು ಅದನ್ನ? ನೀ ಹೆಂಗ ನಂಬಿದಿ?"

ಅಕ್ಕ ನನ್ನ ಮುಖ ನೋಡಿದಳು. "ತಮ್ಮಾ, ನೀನ ಕಳಿಸಿದ್ದೆಲ್ಲೋ. ಮಾಸ್ತರ ಕಳಿಸ್ಯಾನ, ಕೆಳಗ ಬಸವಣ್ಣಾರ ಹೆಸರೈತಿ, ಸುಳ್ಳ ಹೆಂಗ ಆಗತೈತಿ ಅಂದೆ."

ಮೊಬೈಲು ತೆಗೆದು ನೋಡಿದೆ. ಹೌದು. ಬೆಳಗಿನ ಚಹಾ ಕುಡಿಯುತ್ತ, ಪೂರ್ತಿ ಓದದೆ, ಬಸವಣ್ಣನವರ ಚಿತ್ರ ಕಂಡದ್ದಕ್ಕೆ ಮುಂದಕ್ಕೆ ತಳ್ಳಿದ್ದೆ. ನನಗೆ ನೆನಪೂ ಇರಲಿಲ್ಲ.

ಶರಣ ಬಂಧುಗಳೇ, ಹಳ್ಳಿಯ ವೇದಿಕೆಯ ಮೇಲೆ ಸುಳ್ಳು ವಚನ ಹೇಳಿದ್ದಕ್ಕೆ ನನಗೆ ನಾಚಿಕೆಯಾಗಿತ್ತು. ಈ ಸಲ ಮೈ ನಡುಗಿತು. ಬಸವಣ್ಣನ ಹೆಸರಿಗೆ ನಮ್ಮ ಜನ ಕೊಡುವ ನಂಬಿಕೆ ಎಷ್ಟು ದೊಡ್ಡದು ನೋಡಿರಿ. ಹತ್ತು ವರ್ಷದ ವೈದ್ಯರ ಮಾತನ್ನು ಒಂದು ಹೆಸರು ತೂಗಿ ಬಿಟ್ಟಿತು. ಆ ಹೆಸರನ್ನು ನಾನು ಬೆರಳ ತುದಿಯಿಂದ ಖರ್ಚು ಮಾಡಿದೆ. ಅಕ್ಕ ನನ್ನನ್ನು ಎಂದೂ ಬೈದಿಲ್ಲ. ಈಗಲೂ ಮನೆಗೆ ಹೋದರೆ ಸ್ವಲ್ಪ ಕುಂಟುತ್ತ ಬಂದು ನೀರು ಕೊಡುತ್ತಾಳೆ. ಆ ನೀರು ಕುಡಿಯುವುದು ಸುಲಭವಲ್ಲ.

ಈಗ ಇನ್ನೊಂದು ಹೊಸದು ಬಂದಿದೆ. ಬಸವಣ್ಣನವರ ಶೈಲಿಯಲ್ಲಿ ಒಂದು ವಚನ ಬರೆ ಎಂದರೆ ಬರೆದು ಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ಕೋಟಿಗಟ್ಟಲೆ ಬರಹ ನುಂಗಿ, ಈ ಮಾತಿನ ಮುಂದೆ ಯಾವ ಮಾತು ಬಂದರೆ ಹೊಂದುತ್ತದೆ ಎಂದು ಅಂದಾಜು ಕಟ್ಟಿ ಬರೆಯುತ್ತ ಹೋಗುತ್ತದೆ. ಹೊಂದುವ ಮಾತೆಲ್ಲ ನಿಜವಾಗಬೇಕೆಂದಿಲ್ಲ. ಕೇಳಿದರೆ ಕೆಳಗೆ ಅಂಕಿತ ಹಾಕುತ್ತದೆ, ಸಂಪುಟದ ನಂಬರನ್ನೂ ಹುಟ್ಟಿಸಿ ಕೊಡಬಹುದು. ವಾಟ್ಸಾಪಿನ ಸುಳ್ಳಿನಲ್ಲಿ 'ಸಕಾರಾತ್ಮಕ' ಎಂಬ ಕಲ್ಲು ಬಾಯಿಗೆ ಸಿಕ್ಕಿತ್ತು. ಇದರಲ್ಲಿ ಕಲ್ಲು ಕಡಿಮೆ, ಆರಿಸುವುದು ಕಷ್ಟ. ಯಂತ್ರದಿಂದ ಉಪಯೋಗವೂ ಇದೆ. ನನ್ನ ಮೊಮ್ಮಗಳು ಅದರಿಂದ ಗಣಿತ ಕಲಿಯುತ್ತಾಳೆ. ಆದರೆ ಬೆವರಿಲ್ಲದ, ಬಾಳಿಲ್ಲದ ಯಂತ್ರಕ್ಕೆ ಶರಣರ ಸಹಿ ಹಾಕುವ ಹಕ್ಕನ್ನು ನಾವು ಕೊಡಬಾರದು.

ಹಾಗಾದರೆ ಏನು ಮಾಡೋಣ? ದೊಡ್ಡ ಯೋಜನೆ ಏನೂ ಬೇಡ. ನಮ್ಮ ನಾಲ್ಕು ತಾಲೂಕುಗಳಲ್ಲಿ ಆಗುವಂಥ ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಪ್ರತಿ ಮಠದ ಓದುವ ಕೋಣೆಯಲ್ಲಿ 15 ಸಂಪುಟಗಳು ಬೀಗವಿಲ್ಲದ ಕಪಾಟಿನಲ್ಲಿ ಇರಲಿ. ಪಕ್ಕದಲ್ಲಿ ಮೊಬೈಲು ಬಲ್ಲ ಒಬ್ಬ ಹುಡುಗಿ ಅಥವಾ ಹುಡುಗ ಕೂತಿರಲಿ. ಯಾರೇ ವಚನ ತಂದು ಕೇಳಿದರೂ ಇದೆಯೋ ಇಲ್ಲವೋ ನೋಡಿ ಹೇಳಲಿ.

ಎರಡು, ಊರೂರಿನಲ್ಲಿ ಆ ಮುರಗೋಡದ ಆಯಿಯಂಥ ಹಿರಿಯರಿದ್ದಾರೆ. ಅವರ ದಾಟಿಗಳು ಯಾವ ಯೂಟ್ಯೂಬಿನಲ್ಲೂ ಇಲ್ಲ. ಅವರು ಹೋದರೆ ದಾಟಿಯೂ ಹೋಯಿತು. ತಮ್ಮಂದಿರೇ, ನಿಮ್ಮ ಮೊಬೈಲಿನ ಬೆಲೆ ಸಾರ್ಥಕವಾಗಲಿ. ಅವರನ್ನು ಕೇಳಿ, ಒಪ್ಪಿಗೆ ಪಡೆದು ಹಾಡು ರೆಕಾರ್ಡ್ ಮಾಡಿರಿ. ಹೆಸರು, ಊರು, ತಾರೀಖು ಬರೆದಿಡಿರಿ. ಹಳಕಟ್ಟಿಯವರಿಗೆ ಸಿಗದ ಅನುಕೂಲ ನಿಮಗಿದೆ.

ಮೂರು, ಮನೆಗಳಲ್ಲಿ ಇನ್ನೂ ಹಳೆಯ ಓಲೆಗರಿ, ಕಾಗದದ ಕಟ್ಟುಗಳಿವೆ. ಮನೆ ಕಟ್ಟಿಸುವಾಗ ಅವನ್ನು ಹೊಳೆಗೆ ಬಿಡುವ ರೂಢಿ ಇದೆ. ದಯವಿಟ್ಟು ಮಲಪ್ರಭೆಗೆ ಬಿಡಬೇಡಿರಿ. ಯಾವ ಹೊಳೆಯನ್ನು ದಾಟಿಸಿ ತಂದರೆಂದು ನಮ್ಮ ಹಿರಿಯರು ಹೇಳುತ್ತಾರೋ ಅದೇ ಹೊಳೆಗೆ ನಾವು ಚೆಲ್ಲುವುದೇ? ಮೊದಲು ಫೋಟೋ ತೆಗೆಯಿರಿ, ಬಲ್ಲವರಿಗೆ ತೋರಿಸಿರಿ. ಪೂಜೆ ಆಮೇಲೆ ಮಾಡಿದರೂ ನಡೆಯುತ್ತದೆ.

ನಾಲ್ಕು, ಮದ್ದಿನ ಸಂದೇಶ ಬಂದರೆ, ಕೆಳಗೆ ಯಾರ ಹೆಸರೇ ಇರಲಿ, ಮುಂದಕ್ಕೆ ಕಳಿಸಬೇಡಿರಿ. ನಡೆಯುತ್ತಿರುವ ಗುಳಿಗೆಯನ್ನು ವೈದ್ಯರನ್ನು ಕೇಳದೆ ಬಿಡಬೇಡಿರಿ. ಇದನ್ನು ಮನೆಗೆ ಹೋಗಿ ನಿಮ್ಮ ಅವ್ವನಿಗೆ, ಅಕ್ಕನಿಗೆ ಹೇಳಿರಿ.

ಇವತ್ತು ನಾನು ಯಾಕೆ ಒಂದೂ ವಚನ ಹೇಳಲಿಲ್ಲ ಎಂದು ಈಗ ತಿಳಿದಿರಬಹುದು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೇಮ ಮಾಡಿದೆ. ಸಂಪುಟ ತೆರೆದು, ಬೆರಳಿಟ್ಟು ನೋಡಿದ ವಚನವನ್ನು ಮಾತ್ರ ನಾಲ್ಕು ಜನರ ಮುಂದೆ ಹೇಳುತ್ತೇನೆ. ಇವತ್ತು ಬಸ್ಸಿನಲ್ಲಿ ಬಂದೆ, ಸಂಪುಟ ತರಲಾಗಲಿಲ್ಲ. ಬಾಯಿಪಾಠವಿದ್ದರೂ ನನ್ನ ನೆನಪಿನ ಮೇಲೆ ನನಗೆ ಮೊದಲಿನ ಸೊಕ್ಕು ಉಳಿದಿಲ್ಲ.

ಮುಂದಿನ ತಿಂಗಳ ಗೋಷ್ಠಿಗೆ ಸಂಪುಟ ತರುತ್ತೇನೆ. ನೀವೂ ನಿಮ್ಮ ಮೊಬೈಲಿಗೆ ಬಂದ ವಚನಗಳನ್ನು ಬರೆದು ತನ್ನಿರಿ. ಭಾಷಣ ಬೇಡ. ಜಮಖಾನೆ ಹಾಸಿ ಕೂತು ಒಂದೊಂದಾಗಿ ಹುಡುಕೋಣ. ಸಿಕ್ಕದ್ದನ್ನು ಎಲ್ಲರೂ ಕೂಡಿ ಹಾಡೋಣ. ಸಿಗದ್ದನ್ನು ಅಲ್ಲಿಗೇ ನಿಲ್ಲಿಸೋಣ. ಮುರಗೋಡದ ಕಡೆಯ ಆ ಆಯಿ ಇನ್ನೂ ಗಟ್ಟಿಯಾಗಿದ್ದಾರೆ. ಅವರನ್ನೂ ಕರೆದುಕೊಂಡು ಬರುವುದಾಗಿ ಆ ಊರಿನವರು ಒಪ್ಪಿದ್ದಾರೆ.

 ತಪ್ಪಿದ್ದರೆ ತಿದ್ದಿರಿ.